ಫೋನಿನ ಬ್ಯಾಟರಿ ಬೇಗ ಖಾಲಿಯಾಗುವುದೇಕೆ? ಹೊಸದನ್ನು ಕೊಳ್ಳುವ ಮುನ್ನ ಪರೀಕ್ಷಿಸಿ

ಗೊಬ್ಬರ, ಮೈಲುತುತ್ತಗಳ ಬಾಬ್ತು ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಜೊತೆಯಲ್ಲಿ ತರುತ್ತಾರೆ. "ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ ಫೋನು ಮಧ್ಯಾಹ್ನಕ್ಕೆ ಮಲಗುತ್ತದೆ, ಹೊಸದು ತೆಗೆದುಕೊಳ್ಳಬೇಕೇ?" ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲರಿಗೂ ಅನುಕೂಲವಾಗಲೆಂದು ಇಲ್ಲಿ ಬರೆದಿದ್ದೇನೆ.

ವಿಷಯ ಚಿಕ್ಕದೆಂದು ಯಾರೂ ಭಾವಿಸಬಾರದು. ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿದ್ದವರು ಅಡಿಕೆ ಮರದಿಂದ ಜಾರಿ ಬಿದ್ದರು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶೇಕಡಾ 30 ತೋರಿಸುತ್ತಿದ್ದ ಯಜಮಾನರ ಫೋನು, ಆಂಬುಲೆನ್ಸಿಗೆಂದು ಜೇಬಿನಿಂದ ತೆಗೆದಾಗ ಆರಿಹೋಗಿತ್ತು. ರಸ್ತೆಯವರೆಗೆ ಓಡಿ ಜೀಪು ಹಿಡಿದು ತರುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಕಾಲಿನ ಮೂಳೆ ಮುರಿದದ್ದರಲ್ಲೇ ಗಂಡಾಂತರ ಕಳೆಯಿತೆಂಬುದು ಸಮಾಧಾನ. ಆದರೆ ಪ್ರತಿ ಬಾರಿಯೂ ಹಾಗೆಯೇ ಆಗುತ್ತದೆಂದು ಹೇಳಲಾಗದು. ಆ ಫೋನನ್ನು ಪರೀಕ್ಷಿಸಿದಾಗ ಕಂಡದ್ದನ್ನು ಲೇಖನದ ಕೊನೆಯಲ್ಲಿ ತಿಳಿಸುತ್ತೇನೆ.

ತೊಂದರೆ ಎರಡು ಬಗೆ

ಬೇಸಿಗೆಯ ಮೊದಲೇ ಕೆರೆ ಬರಿದಾದರೆ ನಾವು ಎರಡು ಕಾರಣ ಹುಡುಕುತ್ತೇವೆ. ಒಂದು, ಕೆರೆಯಲ್ಲಿ ಹೂಳು ತುಂಬಿ ನೀರು ನಿಲ್ಲುವ ಜಾಗವೇ ಕಡಿಮೆಯಾಗಿರಬಹುದು. ಎರಡು, ತೂಬು ಸೋರುತ್ತಿರಬಹುದು. ಹೂಳಿಗೆ ಮಾಡುವ ಖರ್ಚು ಬೇರೆ, ತೂಬಿಗೆ ಮಾಡುವ ರಿಪೇರಿ ಬೇರೆ. ಫೋನಿನ ಬ್ಯಾಟರಿಯದೂ ಇದೇ ಕಥೆ. ಬ್ಯಾಟರಿ ಹಳತಾಗಿ ಅದರ ಧಾರಣಶಕ್ತಿ ಕುಗ್ಗಿರುವುದು ಹೂಳು. ಬ್ಯಾಟರಿ ಚೆನ್ನಾಗಿಯೇ ಇದ್ದು, ಫೋನಿನೊಳಗಿನ ಯಾವುದೋ ಕೆಲಸ ಅದನ್ನು ಹೀರುತ್ತಿರುವುದು ಸೋರಿಕೆ. ಸೋರಿಕೆ ಇರುವ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದರೆ ಪ್ರಯೋಜನ ಅಲ್ಪ. ಹೊಸ ಫೋನನ್ನೇ ಕೊಂಡರೂ, ಸೋರಿಕೆಯ ಕಾರಣ ನಿಮ್ಮ ತೋಟದಲ್ಲೇ ಇದ್ದರೆ, ಅದೂ ಹಾಗೆಯೇ ಬರಿದಾಗುತ್ತದೆ.

ಬ್ಯಾಟರಿ ಸವೆಯುವ ಬಗೆ

ಈಗಿನ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಜಾತಿಯ ಬ್ಯಾಟರಿ. ಇದನ್ನು ಸೋನಿ ಕಂಪನಿಯು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಇದರ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಬ್ಯಾಟರಿಯ ಆಯುಸ್ಸನ್ನು 'ಸೈಕಲ್' ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಒಟ್ಟು ಶೇಕಡಾ 100ರಷ್ಟು ಬಳಸಿದರೆ ಒಂದು ಸೈಕಲ್. ಇಂದು 50, ನಾಳೆ 50 ಬಳಸಿದರೂ ಒಂದೇ ಸೈಕಲ್. ಆಪಲ್ ಕಂಪನಿಯು ತನ್ನ ಐಫೋನ್ 14ರವರೆಗಿನ ಮಾದರಿಗಳು 500 ಸೈಕಲ್ ಆದ ಮೇಲೂ, ಐಫೋನ್ 15ರ ಮಾದರಿಗಳು 1000 ಸೈಕಲ್ ಆದ ಮೇಲೂ, ಅನುಕೂಲ ಪರಿಸ್ಥಿತಿಯಲ್ಲಿ ಮೂಲ ಶಕ್ತಿಯ ಶೇಕಡಾ 80ನ್ನು ಉಳಿಸಿಕೊಳ್ಳುವಂತೆ ರಚಿತವಾಗಿವೆಯೆಂದು ಹೇಳುತ್ತದೆ. ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳಿಗೆ ಈ ಮಿತಿಯನ್ನು 800 ಸೈಕಲ್ ಎಂದು ಗೊತ್ತುಮಾಡಿದೆ.

ಇಲ್ಲಿ ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಕೆರೆಗೆ ನೀರು ಬಂದಾಗಲೆಲ್ಲ ಅದರೊಡನೆ ಅಷ್ಟಿಷ್ಟು ಹೂಳೂ ಬರುತ್ತದೆ. 500 ಸೈಕಲ್ಲಿನ ಬ್ಯಾಟರಿಯಿಂದ ದಿನಕ್ಕೆ ಒಂದು ಸೈಕಲ್ ಬಳಸಿದರೆ ಸುಮಾರು 16 ತಿಂಗಳು ಬರುತ್ತದೆ. ಸೋರಿಕೆಯ ದೆಸೆಯಿಂದ ದಿನಕ್ಕೆ ಎರಡು ಸಲ ಪೂರ್ತಿ ತುಂಬಿಸಬೇಕಾಗಿ ಬಂದರೆ ಎಂಟೇ ತಿಂಗಳು. ಅಂದರೆ ಇಂದಿನ ಸೋರಿಕೆಯೇ ನಾಳೆಯ ಹೂಳು. ಆದ್ದರಿಂದ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು.

ನಮ್ಮ ಕಡೆಯ ದೊಡ್ಡ ಸೋರಿಕೆ: ದುರ್ಬಲ ಸಿಗ್ನಲ್

ಪೇಟೆಯವರ ಫೋನು ಹೆಚ್ಚಾಗಿ ಪರದೆ ಮತ್ತು ವೀಡಿಯೊಗಳಿಂದ ಬರಿದಾಗುತ್ತದೆ. ನಮ್ಮಲ್ಲಿ ಫೋನು ಜೇಬಿನಲ್ಲಿ ಸುಮ್ಮನಿರುವಾಗಲೇ ಬರಿದಾಗುವುದುಂಟು. ಟವರು ದೂರವಿದ್ದಷ್ಟೂ ಫೋನು ತನ್ನ ದನಿಯನ್ನು ಏರಿಸಬೇಕು. ಗುಡ್ಡದ ಮರೆಯಲ್ಲಿ, ಹಳ್ಳದ ಬದಿಯಲ್ಲಿ ಸಿಗ್ನಲ್ ತಪ್ಪಿದರೆ ಅದು ಪದೇ ಪದೇ ಟವರನ್ನು ಹುಡುಕುತ್ತದೆ. ಎರಡು ಸಿಮ್ ಇದ್ದರೆ ಹುಡುಕಾಟವೂ ಇಮ್ಮಡಿ.

ಸಿಗ್ನಲ್ಲಿನ ಬಲವನ್ನು ಫೋನಿನಲ್ಲೇ ನೋಡಬಹುದು. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂಬಲ್ಲಿಗೆ ಹೋದರೆ ಡಿಬಿಎಂ ಎಂಬ ಅಳತೆಯಲ್ಲಿ ಒಂದು ಸಂಖ್ಯೆ ಸಿಗುತ್ತದೆ. ಅದರ ಹಿಂದೆ ಕಳೆಯುವ ಚಿಹ್ನೆ ಇರುತ್ತದೆ. 4ಜಿ ಜಾಲದಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಉತ್ತಮ, ಮೈನಸ್ 115 ಎಂದರೆ ತೀರ ದುರ್ಬಲ. ಹತ್ತು ಅಂಕಿ ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ. ಮೇಲಿನ ಎರಡು ಸಂಖ್ಯೆಗಳ ನಡುವಿನ ಅಂತರ 30, ಅಂದರೆ ಸಾವಿರದಲ್ಲಿ ಒಂದು ಪಾಲು. ಮನೆಯ ಜಗುಲಿ, ಕಾಫಿ ಕಣ, ಪಂಪಿನ ಮನೆ, ಈ ಮೂರು ಕಡೆ ನೋಡಿ ಬರೆದಿಟ್ಟುಕೊಂಡರೆ ಫೋನು ಎಲ್ಲಿ ಹೆಚ್ಚು ಆಯಾಸಪಡುತ್ತದೆಂಬುದು ತಿಳಿಯುತ್ತದೆ.

ಮೂರು ರಾತ್ರಿಯ ಪರೀಕ್ಷೆ

ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ನಾನೇ ಮಾಡಿ ನೋಡಿದ್ದೇನೆ. ಪ್ರತಿ ರಾತ್ರಿ 10 ಗಂಟೆಗೆ, ಶೇಕಡಾ 80ಕ್ಕೆ ಮೇಲ್ಪಟ್ಟು ಚಾರ್ಜ್ ಇರುವ ಫೋನನ್ನು ಚಾರ್ಜರಿನಿಂದ ಬಿಡಿಸಿ, ಒಂದೇ ಜಾಗದಲ್ಲಿ ಇಡಿ. ಆಗಿನ ಸಂಖ್ಯೆಯನ್ನೂ ಬೆಳಿಗ್ಗೆ 6 ಗಂಟೆಯ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಕಾಯಿಲೆಯವರಿದ್ದು ರಾತ್ರಿ ಕರೆ ಬರುವ ಸಂಭವವಿದ್ದರೆ ಮೊದಲನೆಯ ರಾತ್ರಿಯ ಪರೀಕ್ಷೆ ಬೇಡ.

ಮೊದಲನೆಯ ರಾತ್ರಿ: ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನೂ ಆರಿಸಿಡಿ. ಅಲಾರಂ ಎಂದಿನಂತೆ ಹೊಡೆಯುತ್ತದೆ. ಇಳಿತ 2ರಿಂದ 4ರಷ್ಟಿದ್ದರೆ ಬ್ಯಾಟರಿಯಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ. ಹತ್ತಕ್ಕೂ ಮಿಕ್ಕಿ ಇಳಿದಿದ್ದರೆ, ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ ಮರುರಾತ್ರಿ ಪುನಃ ನೋಡಿ. ಆಗಲೂ ಹಾಗೆಯೇ ಇದ್ದರೆ ಬ್ಯಾಟರಿ ಅಥವಾ ಫೋನಿನ ಒಳಭಾಗದ ಮೇಲೆ ಸಂಶಯಪಡಬೇಕು.

ಎರಡನೆಯ ರಾತ್ರಿ: ಏರೋಪ್ಲೇನ್ ಮೋಡ್ ತೆಗೆದು ಸಿಮ್ ಮಾತ್ರ ಚಾಲೂ ಇರಲಿ. ಮೊಬೈಲ್ ಡೇಟಾ ಮತ್ತು ವೈಫೈ ಬೇಡ. ಇಳಿತ ಮೊದಲ ರಾತ್ರಿಗಿಂತ ಬಹಳ ಹೆಚ್ಚಾದರೆ ಕಾರಣ ಸಿಗ್ನಲ್.

ಮೂರನೆಯ ರಾತ್ರಿ: ಎಲ್ಲವೂ ಎಂದಿನಂತೆ ಇರಲಿ. ಎರಡನೆಯ ರಾತ್ರಿಗಿಂತ ಇಳಿತ ಏರಿದರೆ, ನೀವು ಮಲಗಿದ ಮೇಲೂ ಯಾವುದೋ ಆ್ಯಪ್ ಎಚ್ಚರವಾಗಿ ಕೆಲಸ ಮಾಡುತ್ತಿದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ 'ಬ್ಯಾಟರಿ ಯೂಸೇಜ್' ಪಟ್ಟಿಯನ್ನು ತೆರೆದರೆ ಎಷ್ಟು ಪಾಲು ಯಾರದೆಂಬುದು ಕಾಣುತ್ತದೆ.

ಆರೋಗ್ಯ ನೋಡುವ ಬಗೆ

ಐಫೋನಿನಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಹೆಲ್ತ್ ಎಂಬಲ್ಲಿ ಶೇಕಡಾವಾರು ಧಾರಣಶಕ್ತಿ ಕಾಣುತ್ತದೆ. ಹಳೆಯ ಐಫೋನುಗಳ ವೇಗವನ್ನು ತಗ್ಗಿಸಿದ್ದನ್ನು ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ತರುವಾಯ, 2018ರಲ್ಲಿ ಈ ಸೌಲಭ್ಯವನ್ನು ಒದಗಿಸಿತು. ಸ್ಯಾಮ್‌ಸಂಗ್ ಫೋನುಗಳಲ್ಲಿ 'ಸ್ಯಾಮ್‌ಸಂಗ್ ಮೆಂಬರ್ಸ್' ಆ್ಯಪ್ ತೆರೆದು ಡಯಾಗ್ನಾಸ್ಟಿಕ್ಸ್‌ನಲ್ಲಿ ಬ್ಯಾಟರಿಯನ್ನು ಪರೀಕ್ಷಿಸಬಹುದು. ಒಪ್ಪೊ, ರಿಯಲ್‌ಮಿ, ವಿವೋ ಕಂಪನಿಗಳ ಈಚಿನ ಅನೇಕ ಮಾದರಿಗಳಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಈ ವಿವರ ಇರುತ್ತದೆ. ಇಂಥ ಸೌಲಭ್ಯವಿಲ್ಲದ ಹಳೆಯ ಆಂಡ್ರಾಯ್ಡ್ ಫೋನುಗಳಿಗೆ 'ಅಕ್ಯುಬ್ಯಾಟರಿ' ಎಂಬ ಆ್ಯಪ್ ಇದೆ. ಅದು ಚಾರ್ಜ್ ಆಗುವುದನ್ನು ಹಲವು ಬಾರಿ ಗಮನಿಸಿ ಅಂದಾಜು ಕೊಡುತ್ತದೆ. ಮೊದಲ ದಿನದ ಅಂಕಿಯನ್ನು ನಂಬಬೇಡಿ, ಒಂದೆರಡು ವಾರ ಬಿಟ್ಟು ನೋಡಿ.

ಸಂಖ್ಯೆ ಶೇಕಡಾ 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬಹುದು. 30ರಲ್ಲಿದ್ದ ಫೋನು ಒಮ್ಮೆಲೇ ಆರಿಹೋಗುವುದೂ ಸವೆದ ಬ್ಯಾಟರಿಯ ಲಕ್ಷಣವೇ. ಕೆರೆಯಲ್ಲಿ ನೀರಿದ್ದರೂ ತೂಬಿನ ಬಾಯಿಗೆ ಕೆಸರು ಕಟ್ಟಿದರೆ ಬೇಕಾದಾಗ ನೀರು ಬಾರದಲ್ಲವೇ, ಹಾಗೆ. ಹಳೆಯ ಬ್ಯಾಟರಿಯ ಒಳಗಿನ ತಡೆ ಹೆಚ್ಚಿರುತ್ತದೆ. ಕರೆ ಮಾಡುವಾಗ ಒಮ್ಮೆಗೆ ಹೆಚ್ಚು ವಿದ್ಯುತ್ ಬೇಕಾದರೆ ಅದು ಕೊಡಲಾರದು.

ಮಾಡಬೇಕಾದ ಉಪಾಯಗಳು

1. ತೋಟದಲ್ಲಿ ಸಿಗ್ನಲ್ ಇಲ್ಲದ ಕಂಪನಿಯ ಸಿಮ್ಮನ್ನು ತೋಟಕ್ಕೆ ಹೋಗುವಾಗ ಸೆಟ್ಟಿಂಗ್ಸ್‌ನಲ್ಲಿ ಆರಿಸಿಡಿ. ಸಿಮ್ ಹೊರತೆಗೆಯಬೇಕಾಗಿಲ್ಲ. ಬ್ಯಾಂಕಿನ ಓಟಿಪಿ ಬರುವುದು ಅದೇ ಸಿಮ್ಮಿಗಾದರೆ ಮನೆಗೆ ಬಂದು ಮತ್ತೆ ಹಾಕಿಕೊಳ್ಳಿ.

2. 5ಜಿ ಇಲ್ಲದ ಊರಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಡಿ.

3. ಸಿಗ್ನಲ್ ಪೂರಾ ಇಲ್ಲದ ಹಳ್ಳದ ಬದಿಯಲ್ಲಿ ಅರ್ಧ ದಿನದ ಕೆಲಸವಿದ್ದರೆ ಏರೋಪ್ಲೇನ್ ಮೋಡ್ ಹಾಕಿ. ಇಂತಿಷ್ಟು ಹೊತ್ತಿಗೆ ದಿಬ್ಬಕ್ಕೆ ಬಂದು ಫೋನು ನೋಡುತ್ತೇನೆಂದು ಮನೆಯಲ್ಲಿ ಹೇಳಿ ಹೋಗಿ.

4. ಮನೆಯಲ್ಲಿ ಇಂಟರ್ನೆಟ್ ಸಂಪರ್ಕವಿದ್ದರೆ 'ವೈಫೈ ಕಾಲಿಂಗ್' ಚಾಲೂ ಮಾಡಿಕೊಳ್ಳಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲೂ ಜಿಯೋ 2020ರ ಜನವರಿಯಲ್ಲೂ ಇದನ್ನು ಆರಂಭಿಸಿದವು. ಮಾತು ವೈಫೈ ಮೂಲಕವೇ ಹೋಗುವುದರಿಂದ ಫೋನು ದೂರದ ಟವರಿಗಾಗಿ ಹೆಣಗಬೇಕಿಲ್ಲ.

5. ವಾಟ್ಸಾಪಿನಲ್ಲಿ ಬರುವ ಚಿತ್ರ, ವೀಡಿಯೊಗಳು ತಾವಾಗಿ ಇಳಿಯದಂತೆ ಆಯ್ಕೆ ಮಾಡಿ. ದಿನನಿತ್ಯ ಬಳಸದ ಆ್ಯಪ್‌ಗಳಿಗೆ ಲೊಕೇಶನ್ ಅನುಮತಿ ಕೊಡಬೇಡಿ.

6. ಶಾಖ ಬ್ಯಾಟರಿಯ ದೊಡ್ಡ ಶತ್ರು. ಜೀಪಿನ ಗಾಜಿನ ಹಿಂದೆ, ಬಿಸಿಲು ಕಾದ ಕಣದಲ್ಲಿ ಫೋನು ಇಡಬೇಡಿ. ಆಪಲ್ ಕಂಪನಿಯು ಬಳಕೆಗೆ ಸೂಚಿಸುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಮಳೆಯಲ್ಲಿ ನೆನೆದ ಫೋನನ್ನು ಬಚ್ಚಲ ಒಲೆಯ ಮೇಲೆ, ಅಡಿಕೆ ಒಣಗಿಸುವ ಅಟ್ಟದಲ್ಲಿ ಒಣಗಿಸುವ ಅಭ್ಯಾಸ ಕೆಲವರಿಗಿದೆ, ಅದು ತಪ್ಪು. ಒರೆಸಿ, ಗಾಳಿಯಾಡುವಲ್ಲಿ ಇಟ್ಟು, ಚಾರ್ಜಿನ ತೂತು ಪೂರ್ತಿ ಒಣಗಿದ ಮೇಲಷ್ಟೇ ಚಾರ್ಜ್ ಮಾಡಿ.

7. ಪೂರ್ತಿ ಬರಿದಾದ ಮೇಲೆಯೇ ಚಾರ್ಜ್ ಮಾಡಬೇಕೆಂಬ ಮಾತು ಹಳೆಯ ನಿಕಲ್ ಬ್ಯಾಟರಿಗಳ ಕಾಲದ್ದು. ಈಗಿನವಕ್ಕೆ 20ರಿಂದ 80ರ ನಡುವೆ ಇರುವುದೇ ಹಿತ. ಅನೇಕ ಫೋನುಗಳಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ. ಆದರೆ ಮಳೆಗಾಲದಲ್ಲಿ ಕರೆಂಟು ಎರಡು ದಿನ ಬಾರದಿರುವ ಸೂಚನೆ ಇದ್ದರೆ ನೂರಕ್ಕೆ ತುಂಬಿಸಿ. ಬ್ಯಾಟರಿ ಇರುವುದು ನಮ್ಮ ಉಪಯೋಗಕ್ಕೆ.

8. ಮಳೆಗಾಲಕ್ಕೆ ಒಂದು ಪವರ್ ಬ್ಯಾಂಕ್ ಇರಲಿ. 10,000 ಎಂಎಎಚ್ ಎಂದು ಬರೆದಿದ್ದರೂ ವೋಲ್ಟೇಜು ಬದಲಾಗುವಾಗ ನಷ್ಟವಿರುವುದರಿಂದ ಅದು 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸದು, ಒಂದೂಕಾಲು ಸಲವೆಂದು ಎಣಿಸಿಕೊಳ್ಳಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡಿ.

ಉಬ್ಬಿದ ಬ್ಯಾಟರಿಯ ಬಗ್ಗೆ ಎಚ್ಚರಿಕೆ

ಫೋನಿನ ಬೆನ್ನು ಎದ್ದಿದ್ದರೆ ಅಥವಾ ಪರದೆ ಅಂಚಿನಲ್ಲಿ ಬಿಟ್ಟಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆಯೆಂದು ಅರ್ಥ. ತಕ್ಷಣ ಆರಿಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಗೋಣಿಚೀಲ, ಕಾಫಿ ಸಿಪ್ಪೆ, ಅಡಿಕೆ ಹಾಳೆಗಳಿಂದ ದೂರ, ಕಲ್ಲು ಚಪ್ಪಡಿಯ ಮೇಲಿಟ್ಟು, ಬೇಗನೆ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ಹಳೆಯ ಬ್ಯಾಟರಿಗಳನ್ನು ಒಲೆಗೂ ಗೊಬ್ಬರದ ಗುಂಡಿಗೂ ಹಾಕಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ.

ಬದಲಿಸುವಾಗ ಕಡಿಮೆ ಬೆಲೆಯ ನಕಲಿ ಬ್ಯಾಟರಿಗೆ ಮನಸ್ಸು ಮಾಡಬೇಡಿ. ಕಂಪನಿಯ ಅಧಿಕೃತ ಕೇಂದ್ರದಲ್ಲಿ ದರ ಕೇಳಿ, ರಶೀದಿ ಮತ್ತು ವಾರಂಟಿ ಪಡೆಯಿರಿ. ಆದರೆ ಫೋನಿಗೆ ಕಂಪನಿಯಿಂದ ಭದ್ರತಾ ಅಪ್‌ಡೇಟ್ ಬರುವುದೇ ನಿಂತಿದ್ದು, ಅದರಲ್ಲೇ ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತಿದ್ದರೆ, ಹೊಸ ಫೋನಿನ ವಿಚಾರ ಮಾಡುವುದು ನ್ಯಾಯ.

ಇನ್ನು, ಆರಂಭದಲ್ಲಿ ಹೇಳಿದ ಸದಸ್ಯರ ಫೋನು. ಅದರ ಧಾರಣಶಕ್ತಿ ಶೇಕಡಾ 71ಕ್ಕೆ ಇಳಿದಿತ್ತು. ಅಷ್ಟು ಮಾತ್ರವಲ್ಲ, ಅವರ ತೋಟದಲ್ಲಿ ಎಂದೂ ಸಿಗ್ನಲ್ ಕಾಣದ ಎರಡನೆಯ ಸಿಮ್ಮೊಂದು ಎರಡು ವರ್ಷದಿಂದ ಹಗಲಿರುಳು ಟವರನ್ನು ಹುಡುಕುತ್ತಲೇ ಇತ್ತು. ಹೂಳೂ ಇತ್ತು, ಸೋರಿಕೆಯೂ ಇತ್ತು. ಹೊಸ ಫೋನು ಕೊಳ್ಳಲು ಹೊರಟಿದ್ದವರು ಬ್ಯಾಟರಿ ಮಾತ್ರ ಬದಲಿಸಿ, ಆ ಸಿಮ್ಮನ್ನು ಆರಿಸಿಟ್ಟರು. ಈಗ ಸಂಜೆ ತೋಟದಿಂದ ಮರಳುವಾಗಲೂ ಅರ್ಧದಷ್ಟು ಚಾರ್ಜ್ ಉಳಿದಿರುತ್ತದೆ.

108ಕ್ಕೋ 112ಕ್ಕೋ ಕರೆ ಮಾಡಬೇಕಾದ ಗಳಿಗೆ ಹೇಳಿ ಬರುವುದಿಲ್ಲ. ಮುಂಗಾರಿಗೆ ಮುನ್ನ ದೋಟಿ, ಪಂಪು, ಪೈಪುಗಳನ್ನು ಪರೀಕ್ಷಿಸುವಂತೆ ಫೋನನ್ನೂ ಮೂರು ರಾತ್ರಿ ಪರೀಕ್ಷಿಸಬೇಕೆಂದು ಎಲ್ಲ ಸದಸ್ಯರಲ್ಲಿ ವಿನಂತಿ. ಸೆಟ್ಟಿಂಗ್ಸ್ ಹುಡುಕಲು ತೊಡಕಾದವರು ಮೂರು ರಾತ್ರಿಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಫೋನಿನೊಡನೆ ಕಚೇರಿಗೆ ಬಂದರೆ ಜೊತೆಗೆ ಕುಳಿತು ನೋಡೋಣ.

– ಕಾರ್ಯದರ್ಶಿ