ಗ್ರಂಥಪಾಲನೆಯೂ ಸೇವೆಯೇ

ಕ್ರೈಸ್ತ ಸೇವೆಯೆಂದರೆ ರೋಗಿಗಳ ಶುಶ್ರೂಷೆ, ಬಡವರಿಗೆ ಅನ್ನ, ಮಕ್ಕಳಿಗೆ ಶಾಲೆ ಎಂಬುದೇ ಸಾಮಾನ್ಯ ತಿಳಿವಳಿಕೆಯಾಗಿದ್ದರೂ, ಪುಸ್ತಕಗಳನ್ನು ಸಂಗ್ರಹಿಸಿ, ಕಾಪಾಡಿ, ಓದುಗರ ಕೈಗೆ ತಲುಪಿಸುವ ಗ್ರಂಥಾಲಯದ ಕಾಯಕವನ್ನೂ ಆ ಧರ್ಮದ ಪರಂಪರೆ ಬಹು ಹಿಂದಿನಿಂದ ಸೇವೆಯೆಂದೇ ಪರಿಗಣಿಸಿದೆ.

6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ರಚಿಸಿದ ನಿಯಮಾವಳಿಯ 48ನೆಯ ಅಧ್ಯಾಯವು, ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತಾವಧಿಯಾದ ತಪಸ್ಸುಕಾಲದಲ್ಲಿ ಪ್ರತಿಯೊಬ್ಬರೂ ಮಠದ ಸಂಗ್ರಹದಿಂದ ಒಂದು ಪುಸ್ತಕವನ್ನು ಪಡೆದು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂದು ವಿಧಿಸುತ್ತದೆ. ಅದೇ ಶತಮಾನದಲ್ಲಿ, ರಾಜಾಸ್ಥಾನದ ಉನ್ನತ ಪದವಿಗಳಿಂದ ನಿವೃತ್ತನಾದ ಕ್ಯಾಸಿಯೊಡೋರಸ್ ದಕ್ಷಿಣ ಇಟಲಿಯಲ್ಲಿ ವಿವೇರಿಯಂ ಎಂಬ ಮಠವನ್ನು ಸ್ಥಾಪಿಸಿ, ಧರ್ಮಗ್ರಂಥಗಳ ಪ್ರತಿ ಮಾಡುವುದು ಕೈಯಿಂದಲೇ ಬೋಧಿಸಿದಂತೆ ಎಂಬ ಭಾವನೆಯನ್ನು ಅಲ್ಲಿನವರಲ್ಲಿ ಬೆಳೆಸಿದನು. ವೈದ್ಯ, ಕೃಷಿ, ವ್ಯಾಕರಣಗಳ ಗ್ರಂಥಗಳಿಗೂ ಅಲ್ಲಿ ಸ್ಥಾನವಿತ್ತು. ಲಿಪಿಕಾರರು ತಪ್ಪಿಲ್ಲದೆ ಬರೆಯಲೆಂದು ಅವನು ತನ್ನ 93ನೆಯ ವಯಸ್ಸಿನಲ್ಲಿ ಕಾಗುಣಿತದ ಶುದ್ಧಿಯನ್ನು ಕುರಿತ ಗ್ರಂಥವೊಂದನ್ನು ರಚಿಸಿದನು. ಇಂದಿನ ಗ್ರಂಥಪಾಲಕರು ಸೂಚಿಯಲ್ಲಿಯೂ ವರ್ಗೀಕರಣದಲ್ಲಿಯೂ ತೋರುವ ನಿಷ್ಠೆ ಆ ಎಚ್ಚರದ ಮುಂದುವರಿಕೆಯೇ ಆಗಿದೆ.

ಈ ಸೇವೆಯನ್ನು ಮಠದ ಗೋಡೆಗಳ ಆಚೆಗೆ ಒಯ್ದವರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಬ್ರೇ ಪ್ರಮುಖರು. ಅಮೆರಿಕದ ಮೇರಿಲ್ಯಾಂಡ್ ವಸಾಹತಿಗೆ ಪಾದ್ರಿಗಳನ್ನು ಆರಿಸುವ ಹೊಣೆ ಹೊತ್ತ ಅವರು, ಅಷ್ಟು ದೂರ ಹೋಗಲು ಒಪ್ಪುವವರು ಹೆಚ್ಚಾಗಿ ಪುಸ್ತಕ ಕೊಳ್ಳಲಾರದ ಬಡವರೇ ಎಂಬುದನ್ನು ಕಂಡುಕೊಂಡು, ಪಾದ್ರಿಗಳ ಜೊತೆಗೆ ಪುಸ್ತಕಗಳನ್ನೂ ಕಳುಹಿಸಲು ನಿಶ್ಚಯಿಸಿದರು. 1698ರಲ್ಲಿ ಅವರು ಸಂಗಡಿಗರೊಡನೆ ಕ್ರೈಸ್ತ ಜ್ಞಾನಪ್ರಸಾರ ಸಂಘವನ್ನು ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿಯೂ ವಸಾಹತುಗಳಲ್ಲಿಯೂ ಚರ್ಚಿನ ಆಡಳಿತ ಘಟಕವಾದ ಪ್ಯಾರಿಷ್‌ಗಳಿಗೆ ಅವರು ಒದಗಿಸಿದ ಗ್ರಂಥಾಲಯಗಳ ಹಿಂದೆ ಇದ್ದುದು, ಓದಿಲ್ಲದ ಬೋಧಕನು ಜನರಿಗೆ ನ್ಯಾಯ ಸಲ್ಲಿಸಲಾರನೆಂಬ ದೃಢ ನಂಬಿಕೆ.

ಕರ್ನಾಟಕದಲ್ಲಿಯೂ ಈ ಪರಂಪರೆಗೆ ನಿದರ್ಶನವಿದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯ ಮೂಲಕ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳಂತಹ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದು, ಅನ್ಯಧರ್ಮೀಯರ ಸಾಹಿತ್ಯವೂ ಉಳಿಯುವಂತೆ ಮಾಡಿದರು.

ಗ್ರಂಥಾಲಯದ ಕೆಲಸವು ಸೇವೆಯೆನಿಸಿಕೊಳ್ಳುವುದು ಅದರ ಕಪಾಟುಗಳಲ್ಲಿ ಧರ್ಮಗ್ರಂಥಗಳಿವೆ ಎಂಬುದರಿಂದಲ್ಲ. ಬಂದವರ ಜಾತಿ, ಮತ, ಸ್ಥಾನಮಾನಗಳನ್ನು ವಿಚಾರಿಸದೆ ಅವರ ಅಗತ್ಯವನ್ನು ಅರಿತು, ಸರಿಯಾದ ಪುಸ್ತಕವನ್ನು ಸಕಾಲದಲ್ಲಿ ಹುಡುಕಿಕೊಡುವ ಗ್ರಂಥಪಾಲಕರು, ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆಯನ್ನು ತಮ್ಮ ವೃತ್ತಿಯಲ್ಲಿಯೇ ಪಾಲಿಸುತ್ತಾರೆ. ಆದುದರಿಂದ ಸಭೆಗಳೂ ಕ್ರೈಸ್ತ ವಿದ್ಯಾಸಂಸ್ಥೆಗಳೂ ಆ ಹುದ್ದೆಗೆ ಬೋಧಕರ ಹುದ್ದೆಗೆ ಸಮನಾದ ಗೌರವವನ್ನು ಸಲ್ಲಿಸುವುದು ನ್ಯಾಯವಾಗಿದೆ.