ಕನ್ನಡಕ್ಕೂ ತೆಲುಗಿಗೂ ಒಂದೇ ಬಿಟ್ ಅಂತರ

‘ಕಂಪ್ಲಿ’ ಎಂಬ ಊರಿನ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿನ ಪಾಲಿಗೆ ಅದು ಆರು ಸಂಖ್ಯೆಗಳ ಸಾಲು: 3221, 3202, 3242, 3277, 3250, 3263. ಪ್ರತಿಯೊಂದನ್ನೂ 128ರೊಂದಿಗೆ ‘ಎಕ್ಸಾರ್’ ಮಾಡಿದರೆ ಅದೇ ಹೆಸರು ತೆಲುಗು ಲಿಪಿಗೆ ತಿರುಗುತ್ತದೆ. ಇನ್ನೊಮ್ಮೆ ಮಾಡಿದರೆ ಮರಳಿ ಕನ್ನಡ! ಸಂಡೂರು, ಹೊಸಪೇಟೆ, ಹಂಪಿಗಳಿಗೂ ಇದೇ ಲೆಕ್ಕ.

ಕನ್ನಡದ ‘ಕ’ 3221. ದ್ವಿಮಾನ ಪದ್ಧತಿಯಲ್ಲಿ 1100 1001 0101. ತೆಲುಗಿನದು 3093, ಅಂದರೆ 1100 0001 0101. ಬಲಗಡೆಯಿಂದ ಎಂಟನೆಯ ಬಿಟ್ ಬಿಟ್ಟರೆ ಉಳಿದವೆಲ್ಲ ಒಂದೇ. ಎರಡು ಬಿಟ್‌ಗಳು ಬೇರೆಯಿದ್ದರೆ 1, ಒಂದೇ ಆಗಿದ್ದರೆ 0 ಕೊಡುವುದು ಎಕ್ಸಾರ್ ನಿಯಮ. 128ರಲ್ಲಿ ಆ ಎಂಟನೆಯ ಬಿಟ್ ಮಾತ್ರ 1. ಹಾಗಾಗಿ ಸಿ ಭಾಷೆಯಲ್ಲಿ 3221 ^ 128 ಎಂದು ಬರೆದರೆ ಸಾಕು, 3093 ಸಿಗುತ್ತದೆ.

ಇದು ಆಕಸ್ಮಿಕವಲ್ಲ.

ಭಾರತೀಯ ಲಿಪಿಗಳಿಗೆಂದು ರೂಪುಗೊಂಡ ‘ಇಸ್ಕಿ’ ಸಂಕೇತ ವ್ಯವಸ್ಥೆಯಲ್ಲಿ ಎಲ್ಲ ಲಿಪಿಗಳ ‘ಕ’ಕಾರಕ್ಕೂ ಒಂದೇ ಸಂಖ್ಯೆ, 179. ಇದರ 1988ರ ಆವೃತ್ತಿಯನ್ನು ಆಧರಿಸಿದ ಯೂನಿಕೋಡ್, 1991ರಲ್ಲಿ ಪ್ರತಿ ಲಿಪಿಗೂ 128 ಸ್ಥಾನಗಳನ್ನು ಬೇರೆಬೇರೆಯಾಗಿ ಕೊಟ್ಟಿತು. ಒಳಗಿನ ಕ್ರಮವನ್ನು ಮಾತ್ರ ಕದಲಿಸಲಿಲ್ಲ. ಆದ್ದರಿಂದಲೇ 3221 & 127 ಎಂಬ ‘ಆಂಡ್’ ಕ್ರಿಯೆ ಲಿಪಿಯ ಗುರುತನ್ನು ಅಳಿಸಿ 21 ಎಂಬ ಸ್ಥಾನವನ್ನಷ್ಟೇ ಉಳಿಸುತ್ತದೆ. ದೇವನಾಗರಿ, ಮಲಯಾಳಂಗಳ ‘ಕ’ಕಾರವೂ ಅದೇ 21ರಲ್ಲಿದೆ. ತೆಲುಗಿನ ಸ್ಥಾನಗಳು 3072ರಿಂದ, ಕನ್ನಡದವು 3200ರಿಂದ ಆರಂಭ. ಹೀಗೆ ಅಕ್ಕಪಕ್ಕ ಕೂತ ಈ ಎರಡು ಆರಂಭಸಂಖ್ಯೆಗಳಲ್ಲಿ ಎಂಟನೆಯ ಬಿಟ್ ಮಾತ್ರ ಬೇರೆಯಾದ್ದರಿಂದ ಒಂದೇ ಬಿಟ್ ಸಾಕಾಯಿತು.

ಈ ನೆರೆಹೊರೆ ನೆಲದ ಮೇಲೆ ಬಹಳ ಹಳೆಯದು. ಎರಡೂ ಲಿಪಿಗಳ ಮೂಲ ಒಂದೇ. ವಿಜಯನಗರದ ಕೃಷ್ಣದೇವರಾಯ ‘ಆಮುಕ್ತಮಾಲ್ಯದ’ವನ್ನು ಬರೆದದ್ದು ತೆಲುಗಿನಲ್ಲಿ, ಅವನ ಆಸ್ಥಾನದಲ್ಲೇ ತಿಮ್ಮಣ್ಣ ಕವಿ ಕುಮಾರವ್ಯಾಸನ ಭಾರತವನ್ನು ಕನ್ನಡದಲ್ಲಿ ಮುಂದುವರಿಸಿದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹೊಸಪೇಟೆ, ಸಂಡೂರು, ಕಂಪ್ಲಿಗಳು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬಿತ್ತು, ಎರಡು ಭಾಷೆಗಳ ಒಡನಾಟ ನಿಲ್ಲಲಿಲ್ಲ.

ಆದರೆ 128ರ ಎಕ್ಸಾರ್ ಸೂತ್ರ ಎಲ್ಲ ಅಕ್ಷರಗಳಿಗೂ ಒಗ್ಗುವುದಿಲ್ಲ. ಹಳಗನ್ನಡದ ‘ೞ’ ಇರುವುದು 3294ರಲ್ಲಿ. ಎಕ್ಸಾರ್ ಮಾಡಿದರೆ ಬರುವ 3166, ತೆಲುಗಿನಲ್ಲಿ ಖಾಲಿ ಜಾಗ. ಅದೇ ಧ್ವನಿಯ ತೆಲುಗು ಅಕ್ಷರ 2014ರಲ್ಲಿ ಯೂನಿಕೋಡ್ ಸೇರಿತು, ಅದೂ 3124ರಲ್ಲಿ. ಹಾಗಾಗಿ ಶಾಸನಪಾಠಗಳನ್ನು ಲಿಪ್ಯಂತರ ಮಾಡುವ ತಂತ್ರಾಂಶ ಎಕ್ಸಾರ್‌ಗೆ ಮೊದಲು ಇಂಥ ಅಕ್ಷರಗಳನ್ನು ಬೇರೆಯಾಗಿ ಹೆಕ್ಕಿ, ಪಟ್ಟಿ ನೋಡಿಯೇ ಬದಲಿಸಬೇಕಾಗುತ್ತದೆ.