ಚಿಕ್ಕನಾಯಕನಹಳ್ಳಿ ಗಣಿ: ಕೋರ್ಟಿನ ಮೆಟ್ಟಿಲೇರದ ರೈತನಿಗೆ ಸಿಕ್ಕಿದ್ದೇನು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ತೆಂಗಿನ ಜತೆಗೆ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರೂ ಇದೆ. ಮೇಲೆ ಗಣಿ, ಕೆಳಗೆ ತೋಟ. ಈ ನೆರೆಹೊರೆಯಲ್ಲಿ ನಷ್ಟ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ 2011ರ ಆಗಸ್ಟ್ 26ರಂದು ಆದೇಶಿಸಿತು. ಬಳ್ಳಾರಿಯಲ್ಲಿ ಜುಲೈ 29ರಂದೇ ನಿಷೇಧ ಜಾರಿಯಾಗಿತ್ತು. 2009ರಲ್ಲಿ ಅರ್ಜಿ ಸಲ್ಲಿಸಿದ್ದು ಎಸ್.ಆರ್. ಹಿರೇಮಠ ನೇತೃತ್ವದ ಸಮಾಜ ಪರಿವರ್ತನಾ ಸಮುದಾಯ. ನೊಂದವರೇ ದಾವೆ ಹೂಡಬೇಕೆಂಬ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ 1980ರ ದಶಕದ ಆರಂಭದಲ್ಲೇ ಸಡಿಲಿಸಿತ್ತು. ಹೀಗಾಗಿ ತೋಟದ ಮಾಲೀಕ ದೆಹಲಿಗೆ ಅಲೆಯದೆಯೇ ಅವನ ಪ್ರಶ್ನೆ ನ್ಯಾಯಪೀಠದ ಮುಂದೆ ಬಂತು.

2013ರ ಏಪ್ರಿಲ್ 18ರ ತೀರ್ಪು ಇನ್ನೂ ಮುಂದೆ ಹೋಯಿತು. ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ 49 ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ಪುನಶ್ಚೇತನ ಯೋಜನೆ ಜಾರಿಗೊಳಿಸಿದ ನಂತರವಷ್ಟೇ ಕೆಲಸ ಆರಂಭಿಸಬೇಕಿತ್ತು. ವಾರ್ಷಿಕ ಉತ್ಪಾದನೆಗೆ ಬಳ್ಳಾರಿಯಲ್ಲಿ 2.5 ಕೋಟಿ ಟನ್, ತುಮಕೂರು ಮತ್ತು ಚಿತ್ರದುರ್ಗ ಎರಡಕ್ಕೂ ಸೇರಿ 50 ಲಕ್ಷ ಟನ್ ಮಿತಿ ವಿಧಿಸಲಾಯಿತು. 2022ರ ಆಗಸ್ಟ್‌ನಲ್ಲಿ ಈ ಎರಡು ಜಿಲ್ಲೆಗಳ ಮಿತಿ 1.5 ಕೋಟಿ ಟನ್‌ಗೆ ಏರಿತು.

ಇಷ್ಟು ಟನ್ ತೆಗೆಯಿರಿ ಎಂದು ಹೇಳುವುದು ನ್ಯಾಯಾಲಯದ ಕೆಲಸವೇ? ಆಕ್ಷೇಪ ನ್ಯಾಯವಾದುದೇ. ಆದರೆ ಗಣಿ, ಅರಣ್ಯ, ಕಂದಾಯ ಇಲಾಖೆಗಳು ತಮ್ಮ ಕೆಲಸ ಮಾಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ತೊಡಕಿರುವುದು ಆದೇಶದ ನಂತರದ ಹಾದಿಯಲ್ಲಿ. ಅದಿರು ಮಾರಾಟದ ಹಣದ ಒಂದು ಪಾಲನ್ನು ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಮೀಸಲಿಡಲಾಯಿತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಸಾವಿರಾರು ಕೋಟಿ ರೂಪಾಯಿ ಜಮೆಯಾದರೂ ಯೋಜನೆಗೆ ಒಪ್ಪಿಗೆ ಸಿಗದೆ ವರ್ಷಗಳು ಉರುಳಿದವು. ಖರ್ಚಿನ ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಸುಪ್ರೀಂ ಕೋರ್ಟ್ ನೇಮಿಸಿದ್ದು 2022ರಲ್ಲಿ. ಅಷ್ಟರಲ್ಲಿ ನಿಷೇಧಕ್ಕೆ ಹನ್ನೊಂದು ವರ್ಷ ತುಂಬುತ್ತಿತ್ತು.

ನಿಗಮದ ಹಣ ಬಾಧಿತ ಪ್ರದೇಶಕ್ಕೆ ಸೇರಿದ್ದು. ತನ್ನದೇ ತೋಟದ ನಷ್ಟಕ್ಕೆ ಪರಿಹಾರ ಬೇಕೆಂಬ ರೈತ ಬೇರೆ ದಾರಿ ಹಿಡಿಯಬೇಕು. 2010ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಪರಿಹಾರ ಕೊಡಿಸುವ ಅಧಿಕಾರವಿದೆ. ಅದರ ದಕ್ಷಿಣ ವಲಯ ಪೀಠ ಇರುವುದು ಚೆನ್ನೈನಲ್ಲಿ. ವಕೀಲರ ಶುಲ್ಕ ಭರಿಸಲಾಗದವರು ಮೊದಲು ವಿಚಾರಿಸಬೇಕಾದ ಜಾಗ ತಾಲ್ಲೂಕು ಕಾನೂನು ಸೇವಾ ಸಮಿತಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ. ಇತರರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿ ಅನ್ವಯಿಸುತ್ತದೆ.

ಆದರೆ ಹಸಿರು ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಸಲ್ಲಿಸಲು ಐದು ವರ್ಷಗಳ ಗಡುವಿದೆ. ತಕ್ಕ ಕಾರಣವಿದ್ದರೆ ಮತ್ತೆ 60 ದಿನ. 2011ಕ್ಕೆ ಮೊದಲೇ ತೋಟ ಹಾಳಾದವರಿಗೆ ಅದು ಎಂದೋ ಮೀರಿದೆ. ಅಂಥವರು ಈಗ ಎದುರು ನೋಡಬೇಕಾಗಿರುವುದು ನಿಗಮದ ಕಾಮಗಾರಿಗಳನ್ನು.